ನಡೆಯದ ಯಾನ: ಪರ್ಯಾಯ ಇತಿಹಾಸದ ಒಂದು ನಿದರ್ಶನ

‘ಹೀಗಾಗದಿದ್ದರೆ ಏನಾಗುತ್ತಿತ್ತು?’ ಎಂಬ ಪ್ರಶ್ನೆಯೇ ಪರ್ಯಾಯ ಇತಿಹಾಸದ ಮೂಲ. ಅದು ಬರಿಯ ಕಲ್ಪನೆಯಾಗದಿರಬೇಕಾದರೆ ನಿಜವಾಗಿ ಕೈಗೊಂಡ ನಿರ್ಧಾರವೊಂದನ್ನು ಆಧರಿಸಿರಬೇಕು. ಕನ್ನಡನಾಡಿಗೆ ಸಂಬಂಧಿಸಿದ ನಿದರ್ಶನವೊಂದನ್ನು ಇಲ್ಲಿ ಪರಿಶೀಲಿಸಬಹುದು.

1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಸೋವಿಯತ್ ಒಕ್ಕೂಟದ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣವನ್ನು ತಲುಪಿದ್ದು ಒಮ್ಮೆ ಮಾತ್ರ ಬಳಸುವ ಸೋಯುಜ್ ನೌಕೆಯಲ್ಲಿ. ಮರುಬಳಕೆಯ ಅಮೆರಿಕನ್ ಶಟಲ್ ನೌಕೆಯಲ್ಲಿ, ಇನ್ಸಾಟ್-1ಸಿ ಉಪಗ್ರಹದೊಡನೆ, 1986ರಲ್ಲಿ ಮತ್ತೊಬ್ಬ ಭಾರತೀಯರು ತೆರಳಬೇಕಿತ್ತು. ಅದಕ್ಕಾಗಿ ಇಸ್ರೋ ಆರಿಸಿದ ಇಬ್ಬರಲ್ಲಿ ಪಿ. ರಾಧಾಕೃಷ್ಣನ್ ನಾಯರ್ ಒಬ್ಬರು. ಶಿರಸಿಯಲ್ಲಿ ಜನಿಸಿದ ನಾಗಪತಿ ಚಿದಂಬರ ಭಟ್ಟರು ಇನ್ನೊಬ್ಬರು. 1986ರ ಜನವರಿ 28ರಂದು ಚಾಲೆಂಜರ್ ಶಟಲ್ ಏಳು ಮಂದಿಯೊಡನೆ ನಾಶವಾಯಿತು. ಭಾರತೀಯರ ಯಾನವೂ ರದ್ದಾಯಿತು. ಇನ್ಸಾಟ್-1ಸಿ 1988ರಲ್ಲಿ ಮಾನವರಹಿತ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿತು.

ಹಿಂದಿನ ಸಂಜೆಯೇ, ಚಳಿಯ ಕಾರಣದಿಂದ ಉಡಾವಣೆ ಬೇಡವೆಂದು ಎಂಜಿನಿಯರರು ಎಚ್ಚರಿಸಿದ್ದರು. ಆ ಮಾತಿಗೆ ಮನ್ನಣೆ ದೊರೆತಿದ್ದರೆ ಭಟ್ಟರೋ ನಾಯರರೋ ಬಾಹ್ಯಾಕಾಶಕ್ಕೆ ಹೋಗುತ್ತಿದ್ದರೆಂದು ಊಹಿಸುವುದು ಸುಲಭ. ಆದರೆ ಬೂಸ್ಟರಿನ ಜೋಡಣೆಯ ದೋಷವು 1981ರ ಎರಡನೆಯ ಯಾನದಲ್ಲಿಯೇ ಕಾಣಿಸಿಕೊಂಡಿತ್ತು. ಒಂದು ದಿನದ ಮುಂದೂಡಿಕೆಯಿಂದ ಅದು ನಿವಾರಣೆಯಾಗುತ್ತಿರಲಿಲ್ಲ. ಮುಂದಿನ ಅವಘಡವು ಅವರ ನೌಕೆಗೇ ಒದಗಬಹುದಿತ್ತು. ಆದುದರಿಂದ ಈ ಯಾನವನ್ನು ಕಲ್ಪಿಸುವವರು ಇತಿಹಾಸವನ್ನು 1981ರಿಂದಲೇ ತಿದ್ದಬೇಕಾಗುತ್ತದೆ.