ನೀರು ಹೋಗಲು ದಾರಿ ಬಿಡಿ: ಕೆನಡಾದ ಚಳಿಗಾಲದಲ್ಲಿ ಮನೆಯ ಹೊರದೀಪಗಳ ರಕ್ಷಣೆ

ನವೆಂಬರ್ ತಿಂಗಳ ಮೊದಲ ಭಾನುವಾರ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಸಂಜೆ ಎಂಬುದು ಬಹುಬೇಗ ಮುಗಿದುಹೋಗುತ್ತದೆ. ಡಿಸೆಂಬರಿನಲ್ಲಿ ಟೊರಾಂಟೊ ನಗರದಲ್ಲಿ 4.45ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಚೇರಿಯಿಂದ ಮನೆಗೆ ಮರಳುವವರು ಕತ್ತಲಲ್ಲೇ ಮರಳಬೇಕು. ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿದ ಹಿಮಗಡ್ಡೆಯ ಮೇಲೆ ಕಾಲಿಡಬೇಕು. ಮಗಳ ಬಾಣಂತನಕ್ಕೆಂದು ಶಿವಮೊಗ್ಗದಿಂದಲೋ ಹಾಸನದಿಂದಲೋ ಬಂದಿಳಿದ ತಾಯಿಯೊಬ್ಬರು ಆ ಮೆಟ್ಟಿಲನ್ನು ಹತ್ತುವಾಗ, ಬಾಗಿಲ ಪಕ್ಕದ ದೀಪ ಉರಿಯುತ್ತಿದೆಯೇ ಇಲ್ಲವೇ ಎಂಬುದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ವಲಸೆ ಬರಲು ಸಿದ್ಧತೆ ನಡೆಸಿರುವವರು ಕೆಲಸ, ವೀಸಾ, ಶಾಲೆ, ಬಾಡಿಗೆಗಳ ಬಗ್ಗೆ ಬಹಳಷ್ಟು ವಿಚಾರಿಸುತ್ತಾರೆ. ಸ್ವಂತ ಮನೆ ಕೊಂಡ ನಂತರ ಅದರ ಹೊರಮೈಯನ್ನು ಋತುಮಾನದ ಹೊಡೆತದಿಂದ ಕಾಪಾಡಿಕೊಳ್ಳುವ ಹೊಣೆ ತಮ್ಮದೇ ಎಂಬುದನ್ನು ವಿಚಾರಿಸುವವರು ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಇರುವವರೆಗೆ ಈ ಚಿಂತೆ ಆಡಳಿತದವರಿಗೆ ಸೇರಿದ್ದು. ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್‌ಗಳಂತಹ ಊರುಗಳಲ್ಲಿ ಮನೆ ಕೊಂಡ ಮೊದಲ ವರ್ಷವೇ ಅದು ನಮ್ಮ ಹೆಗಲೇರುತ್ತದೆ. ಊರಿನಲ್ಲಿದ್ದಂತೆ ಫೋನ್ ಮಾಡಿದೊಡನೆ ಸೈಕಲ್ ಏರಿ ಬರುವ ಪರಿಚಯದ ಎಲೆಕ್ಟ್ರಿಷಿಯನ್ ಇಲ್ಲಿಲ್ಲ.

ಶತ್ರು ಮಳೆಯೊಂದೇ ಅಲ್ಲ

ಮಲೆನಾಡು, ಕರಾವಳಿಗಳಿಂದ ಬಂದವರಿಗೆ ಮಳೆ ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಟೊರಾಂಟೊದಲ್ಲಿ ಮಳೆ, ಹಿಮ ಎರಡೂ ಸೇರಿದರೂ ಸುಮಾರು 800 ಮಿಲಿಮೀಟರ್ ಮಾತ್ರ. ಹಾಗಿದ್ದರೂ ಇಲ್ಲಿನ ದೀಪಗಳು ಬೇಗ ಕೆಡುವುದೇಕೆ?

ಮೊದಲನೆಯ ಕಾರಣ ಹೆಪ್ಪುಗಟ್ಟುವಿಕೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ದೀಪದ ಚೌಕಟ್ಟಿನ ಸೀಳಿನೊಳಗೆ ಹಗಲು ಇಳಿದ ಒಂದು ಹನಿ ರಾತ್ರಿ ಗಡ್ಡೆಯಾಗಿ ಆ ಸೀಳನ್ನು ಕೂದಲೆಳೆಯಷ್ಟು ಅಗಲಿಸುತ್ತದೆ. ಮರುದಿನ ಕರಗಿ ಇನ್ನಷ್ಟು ಒಳಕ್ಕೆ ಇಳಿಯುತ್ತದೆ, ಮತ್ತೆ ಗಡ್ಡೆಯಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈ ಕ್ರಿಯೆ ಹತ್ತಾರು ಸಲ ನಡೆಯುತ್ತದೆ. ಎರಡನೆಯದು ಹೆಪ್ಪುಗಟ್ಟುವ ಮಳೆ. 2013ರ ಡಿಸೆಂಬರಿನಲ್ಲಿ ಟೊರಾಂಟೊ ನಗರದ ಮೇಲೆ ಸುರಿದ ಅಂತಹ ಮಳೆ ಮರ, ತಂತಿ, ಕಂಬಗಳನ್ನೆಲ್ಲ ಗಾಜಿನಂತೆ ಆವರಿಸಿ, ಸುಮಾರು 3 ಲಕ್ಷ ಗ್ರಾಹಕರ ಮನೆಗಳನ್ನು ಕತ್ತಲೆಗೆ ತಳ್ಳಿತ್ತು. ಮೂರನೆಯದು ಗಾಳಿಯೊಡನೆ ಅಡ್ಡಲಾಗಿ ಹಾರಿಬರುವ ಹಿಟ್ಟಿನಂತಹ ಹಿಮ. ಮೇಲಿನಿಂದ ಬೀಳುವ ಮಳೆ ತಲುಪಲಾರದ ಸಂದುಗಳನ್ನೂ ಅದು ಹೊಕ್ಕು ಒಳಗೆ ಕರಗುತ್ತದೆ. ಇದಕ್ಕೆ ಜೊತೆಯಾಗಿ, ರಸ್ತೆ ಹಾಗೂ ಮೆಟ್ಟಿಲುಗಳ ಮೇಲೆ ಎರಚುವ ಉಪ್ಪು ಲೋಹವನ್ನು ತಿನ್ನುತ್ತದೆ. ಬೇಸಿಗೆಯ ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸಿ, ರಬ್ಬರಿನ ಅಂಚುಪಟ್ಟಿಯನ್ನು ಬಿರುಸಾಗಿಸುತ್ತವೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದಿದೆ: ದೀಪ ಉಸಿರಾಡುತ್ತದೆ. ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಹೋಗುತ್ತದೆ; ಆರಿದಾಗ ತಣ್ಣಗಾಗಿ ಹೊರಗಿನ ತೇವಭರಿತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ತೇವ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ. ಒಂದು ಹನಿ ಮಳೆಯೂ ಬೀಳದ ವಾರದಲ್ಲಿ ದೀಪದೊಳಗೆ ನೀರು ಕಂಡರೆ ಅಚ್ಚರಿ ಪಡಬೇಕಾಗಿಲ್ಲ.

ಮುಚ್ಚಿದರೆ ಸಾಲದು

ಶಿವಮೊಗ್ಗ ಜಿಲ್ಲೆಯಿಂದ ಬಂದು ಮಿಲ್ಟನ್‌ನಲ್ಲಿ ನೆಲೆಸಿದ ಪರಿಚಯದ ದಂಪತಿಯ ಮನೆಯಲ್ಲಿ ಗ್ಯಾರೇಜಿನ ಮೇಲಿನ ಗೋಡೆದೀಪ ಮಳೆಯ ರಾತ್ರಿಗಳಲ್ಲಿ ಮಿಟುಕುತ್ತಿತ್ತು. ಗಂಡ ಏಣಿ ಹತ್ತಿ, ದೀಪವು ಗೋಡೆಗೆ ತಾಗುವ ಅಂಚಿನ ಸುತ್ತಲೂ ಒಂದಿಷ್ಟೂ ಸಂದು ಉಳಿಯದಂತೆ ಸಿಲಿಕೋನ್ ಮೆತ್ತಿದರು. ಎರಡೇ ತಿಂಗಳಲ್ಲಿ ದೀಪ ಸಂಪೂರ್ಣವಾಗಿ ಆರಿಹೋಯಿತು. ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಬಂದು ತಿರುಪು ಬಿಚ್ಚಿದಾಗ ತಳದಿಂದ ಒಂದು ಲೋಟದಷ್ಟು ತುಕ್ಕುನೀರು ಹರಿಯಿತು. ಮೇಲಿನ ಇಟ್ಟಿಗೆಯ ಸಂದಿನಿಂದ ಇಳಿದ ನೀರಿಗೆ ಹೊರಹೋಗಲು ದಾರಿಯೇ ಇರಲಿಲ್ಲ. ಆಗ ಊರಿನಿಂದ ಬಂದಿದ್ದ ಮಾವನವರು ಕೆಳಗೆ ನಿಂತು ನೋಡುತ್ತಿದ್ದರು. "ಬರುವ ದಾರಿ ಮುಚ್ಚಿದರೆ ಸಾಲದಪ್ಪ, ಹೋಗುವ ದಾರಿಯನ್ನೂ ಬಿಡಬೇಕು" ಎಂದರಂತೆ. ಅಗಲವಾದ ಸೂರು, ಅಂಗಳದ ಇಳಿಜಾರು, ಮಳೆಗಾಲಕ್ಕೆ ಮುನ್ನ ಕಟ್ಟುವ ಸೋಗೆಯ ತಟ್ಟಿ ಇವುಗಳ ನಡುವೆ ಬದುಕಿದ ಹಿರಿಯರಿಗೆ ಅದು ಸಹಜವಾದ ತಿಳಿವಳಿಕೆ.

ಎಲೆಕ್ಟ್ರಿಷಿಯನ್ನರು ಅನುಸರಿಸುವ ನಿಯಮವೂ ಅದೇ. ಗೋಡೆದೀಪದ ತಳಪಟ್ಟಿಯ ಮೇಲಂಚು ಹಾಗೂ ಎರಡು ಬದಿಗಳಿಗೆ ಹೊರಾಂಗಣಕ್ಕೆ ತಕ್ಕ ಸಿಲಿಕೋನ್ ಹಚ್ಚಬೇಕು. ಕೆಳಅಂಚನ್ನು ತೆರೆದೇ ಬಿಡಬೇಕು. ಅನೇಕ ದೀಪಗಳ ಕೆಳಭಾಗದಲ್ಲಿ ಸಣ್ಣದೊಂದು ರಂಧ್ರವಿರುತ್ತದೆ. ಅದು ತಯಾರಿಕೆಯ ದೋಷವಲ್ಲ, ನೀರು ಸೋರಿಹೋಗಲೆಂದೇ ಇಟ್ಟದ್ದು. ಬಣ್ಣ ಬಳಿಯುವವರು, ಜೇಡಗಳು, ಕೆಲವೊಮ್ಮೆ ಮನೆಯೊಡೆಯರೇ ಅದನ್ನು ಮುಚ್ಚಿಬಿಡುತ್ತಾರೆ. ದೀಪವನ್ನು ತಲೆಕೆಳಗಾಗಿ ಅಳವಡಿಸಿದರೆ ಅದೇ ರಂಧ್ರ ನೀರನ್ನು ಒಳಗೆ ಬರಮಾಡಿಕೊಳ್ಳುತ್ತದೆ.

ಕೊಳ್ಳುವಾಗ ಓದಬೇಕಾದ ಅಕ್ಷರಗಳು

ದೀಪದ ಪೆಟ್ಟಿಗೆಯ ಮೇಲೆ "ಐಪಿ" ಎಂಬ ಎರಡಕ್ಷರ, ಅದರ ಮುಂದೆ ಎರಡು ಅಂಕಿಗಳು ಇರಬಹುದು. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡ ಇವುಗಳ ಅರ್ಥವನ್ನು ನಿಗದಿಪಡಿಸಿದೆ. ಮೊದಲ ಅಂಕಿ ಧೂಳು ಮುಂತಾದ ಘನವಸ್ತುಗಳಿಂದ ದೊರೆಯುವ ರಕ್ಷಣೆಯನ್ನೂ ಎರಡನೆಯದು ನೀರಿನಿಂದ ದೊರೆಯುವ ರಕ್ಷಣೆಯನ್ನೂ ಸೂಚಿಸುತ್ತದೆ. ಐಪಿ 44 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆದುಕೊಳ್ಳುವಂಥದು. ಐಪಿ 65 ಧೂಳನ್ನು ಪೂರ್ಣವಾಗಿ ತಡೆದು, ಕೊಳವೆಯಿಂದ ಚಿಮ್ಮುವ ನೀರಿಗೂ ನಿಲ್ಲುತ್ತದೆ. ಐಪಿ 67 ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಉಳಿಯುತ್ತದೆ. ಸೂರಿನ ಕೆಳಗಿನ ದೀಪಕ್ಕೆ ಐಪಿ 44 ಸಾಕು. ಬಯಲಿನ ಗೋಡೆಗೆ 65, ಕರಗಿದ ಹಿಮ ನಿಲ್ಲುವ ನೆಲಮಟ್ಟದ ದೀಪಕ್ಕೆ 67 ಸೂಕ್ತ. ಆದರೆ ಈ ಅಂಕಿಗಳು ಧೂಳು, ನೀರುಗಳ ಪರೀಕ್ಷೆಯನ್ನಷ್ಟೇ ಹೇಳುತ್ತವೆ. ಉಪ್ಪು, ಬಿಸಿಲು, ಮಂಜುಗಡ್ಡೆಗಳ ಹೊಡೆತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಉತ್ತರ ಅಮೆರಿಕದಲ್ಲಿ ಇನ್ನೊಂದು ಗುರುತು ಹೆಚ್ಚು ಬಳಕೆಯಲ್ಲಿದೆ. "ಡ್ಯಾಂಪ್ ಲೊಕೇಶನ್" ಎಂದಿದ್ದರೆ ಅದು ಮಾಡಿನ ಅಡಿಯಲ್ಲಿ ತೇವ ಮಾತ್ರ ತಾಗುವ ಜಾಗಕ್ಕೆ. "ವೆಟ್ ಲೊಕೇಶನ್" ಎಂದಿದ್ದರೆ ಮಳೆ, ಹಿಮ ನೇರವಾಗಿ ಬೀಳುವ ಜಾಗಕ್ಕೆ. ಜಗಲಿಯ ಒಳಭಾಗಕ್ಕೆ ಮೊದಲನೆಯದು ಸಾಕಾದರೂ ಗ್ಯಾರೇಜಿನ ಗೋಡೆಗೆ ಎರಡನೆಯದೇ ಬೇಕು. ಜೊತೆಗೆ ಸಿಎಸ್‌ಎ ಅಥವಾ ಕೆನಡಾದಲ್ಲಿ ಮಾನ್ಯವಾದ ಬೇರೆ ಪ್ರಮಾಣೀಕರಣದ ಮುದ್ರೆ ಇದೆಯೇ ಎಂದು ನೋಡಬೇಕು. ಮುಚ್ಚಿದ ಗಾಜಿನೊಳಗೆ ಹಾಕುವ ಎಲ್‌ಇಡಿ ಬಲ್ಬು ಅಂತಹ ಬಳಕೆಗೆ ಯೋಗ್ಯವೆಂದು ಪೆಟ್ಟಿಗೆಯ ಮೇಲೆ ನಮೂದಾಗಿರಬೇಕು. ಇಲ್ಲವಾದರೆ ತನ್ನದೇ ಶಾಖಕ್ಕೆ ಅದು ಬೇಗ ಸಾಯುತ್ತದೆ.

ಊರಿನ ಬಂಧುಗಳಿಗೆ ಇಲ್ಲೊಂದು ಮಾತು. ದೀಪಾವಳಿಗೆಂದು ಬೆಂಗಳೂರಿನ ಚಿಕ್ಕಪೇಟೆಯಿಂದ ಸರದೀಪಗಳನ್ನು ಕೊಂಡು ಮಕ್ಕಳ ಸೂಟ್‌ಕೇಸಿಗೆ ತುಂಬುವ ಪ್ರೀತಿ ದೊಡ್ಡದು. ಆದರೆ ಭಾರತದ ಸರದೀಪ 230 ವೋಲ್ಟಿಗೆ ತಯಾರಾದದ್ದು. ಇಲ್ಲಿನ ಮನೆಯ ಸಾಕೆಟ್ಟಿನಲ್ಲಿ ಇರುವುದು 120 ವೋಲ್ಟ್. ಪಿನ್ನಿನ ಆಕಾರವೂ ಬೇರೆ. ಅಡಾಪ್ಟರುಗಳ ಮೇಲೆ ಅಡಾಪ್ಟರ್ ಸಿಕ್ಕಿಸಿ ಹಿಮದ ನಡುವೆ ಅದನ್ನು ಉರಿಸುವುದು ಅಪಾಯ. ಗೂಡುದೀಪದ ಕಾಗದ, ಕಡ್ಡಿಗಳನ್ನು ಕಳುಹಿಸಿಕೊಡಿ. ಒಳಗಿನ ಬಲ್ಬು, ತಂತಿಗಳು ಇಲ್ಲಿಯವೇ ಇರಲಿ.

ಪ್ರಾಣ ಕಾಯುವ ಗುಂಡಿ

ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ನೀರು ಒಳಗೆ ಬಂದೇ ಬರುತ್ತದೆ. ಆ ದಿನ ಮನುಷ್ಯರನ್ನು ಕಾಯುವ ಸಾಧನ ಜಿಎಫ್‌ಸಿಐ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಝೀಲ್ 1961ರಲ್ಲಿ ಇದನ್ನು ರೂಪಿಸಿದರು. ಹೋದ ವಿದ್ಯುತ್ತು ಪೂರ್ತಿಯಾಗಿ ಹಿಂದಿರುಗಿತೇ ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಸುಮಾರು 5 ಮಿಲಿಆಂಪಿಯರ್ ಕಡಿಮೆಯಾದರೂ, ಅದು ನೀರಿನ ಮೂಲಕವೋ ಯಾರದೋ ದೇಹದ ಮೂಲಕವೋ ಭೂಮಿಗೆ ಇಳಿಯುತ್ತಿದೆಯೆಂದು ತಿಳಿದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ನಮ್ಮ ಊರಿನ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್‌ಸಿಸಿಬಿಯ ತತ್ತ್ವವೂ ಇದೇ. ಅಲ್ಲಿ ಮಿತಿ ಬಹುತೇಕ 30 ಮಿಲಿಆಂಪಿಯರ್.

ಹೊರಗಿನ ಸಾಕೆಟ್ಟಿನ ನಡುವೆ ಇರುವ "ಟೆಸ್ಟ್" ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ವಿದ್ಯುತ್ತು ಕಡಿದುಹೋದರೆ ಸಾಧನ ಜೀವಂತವಾಗಿದೆ ಎಂದರ್ಥ; "ರಿಸೆಟ್" ಒತ್ತಿದರೆ ಮರಳುತ್ತದೆ. ಗೋಡೆಗೆ ನೇರವಾಗಿ ಜೋಡಿಸಿದ ದೀಪಗಳಿಗೆ ಈ ರಕ್ಷಣೆ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ; ಎಲೆಕ್ಟ್ರಿಷಿಯನ್ ಬಂದಾಗ ಕೇಳಿ ತಿಳಿದುಕೊಳ್ಳಿ. ಮಳೆ ಬಂದಾಗಲೆಲ್ಲ ಸಾಧನ ಕಡಿತಗೊಳ್ಳುತ್ತಿದ್ದರೆ ಅದನ್ನು ಬೈಯುತ್ತ ಮತ್ತೆ ಮತ್ತೆ ರಿಸೆಟ್ ಮಾಡುವುದು ತರವಲ್ಲ. ಎಲ್ಲೋ ನೀರು ತಂತಿಯನ್ನು ಮುಟ್ಟಿದೆಯೆಂದು ಅದು ಹೇಳುತ್ತಿದೆ.

ಅಕ್ಟೋಬರಿನ ಒಂದು ಭಾನುವಾರ

ಬೆರಳುಗಳು ಇನ್ನೂ ಮರಗಟ್ಟದ ಅಕ್ಟೋಬರಿನ ಒಂದು ಒಣ ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಡಬಹುದು. ಮೊದಲು ನೆಲಮಾಳಿಗೆಯ ಪ್ಯಾನೆಲ್ಲಿನಲ್ಲಿ ಆ ದೀಪದ ಬ್ರೇಕರನ್ನೇ ಆರಿಸಬೇಕು. ಗೋಡೆಯ ಸ್ವಿಚ್ ಒಂದನ್ನೇ ನಂಬಬಾರದು. ಗಾಜನ್ನು ಬಿಚ್ಚಿ ಒಳಗಿನ ಕೀಟ, ಧೂಳುಗಳನ್ನು ಒಣಬಟ್ಟೆಯಿಂದ ಒರೆಸಿ, ಅಂಚಿನ ಗ್ಯಾಸ್ಕೆಟ್ಟನ್ನು ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಲ್ಲಿ ತಗ್ಗಿ ಮತ್ತೆ ಉಬ್ಬಿದರೆ ಚೆನ್ನಾಗಿದೆ. ಬಿರುಕು ಕಂಡರೆ ಬದಲಿಸಬೇಕು. ತುಕ್ಕು ಹಿಡಿದ ತಿರುಪುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಬೇಕು. ಕೆಳಗಿನ ರಂಧ್ರವನ್ನು ತೆಳುವಾದ ಕಡ್ಡಿಯಿಂದ ಬಿಡಿಸಬೇಕು.

ಹಬ್ಬದ ಸರದೀಪಗಳಿಗೆ ಬಳಸುವ ಎಕ್ಸ್‌ಟೆನ್ಷನ್ ತಂತಿ ಹೊರಾಂಗಣದ್ದೇ ಆಗಿರಬೇಕು. ಅದರ ಮೇಲೆ ಮುದ್ರಿಸಿದ ಅಕ್ಷರಗಳ ಸಾಲಿನಲ್ಲಿ "ಡಬ್ಲ್ಯು" ಇದ್ದರೆ ಹವಾಮಾನವನ್ನು ತಾಳಬಲ್ಲದು ಎಂದರ್ಥ. ಸಾಕೆಟ್ಟಿಗೆ ಸೇರುವ ಮುನ್ನ ತಂತಿ ಒಮ್ಮೆ ಕೆಳಕ್ಕೆ ಜೋತು ಮೇಲೇರಲಿ. ತಂತಿಯ ಗುಂಟ ಹರಿದುಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಪ್ಲಗ್ ಸಿಕ್ಕಿಸಿದಾಗಲೂ ಮುಚ್ಚಿಕೊಳ್ಳುವಂತಹ ಗುಳ್ಳೆಯಾಕಾರದ ಮುಚ್ಚಳ ಸಾಕೆಟ್ಟಿಗೆ ಇರಬೇಕು. ಎರಡು ತಂತಿಗಳ ಕೂಡುಜಾಗ ನೆಲದ ಮೇಲೆ ಬೀಳದೆ ಎತ್ತರದಲ್ಲಿರಲಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತುವುದು ಅನೇಕರ ರೂಢಿ. ಒಳಗೆ ಹನಿಗಟ್ಟಿದ ತೇವ ಅಲ್ಲೇ ಸಿಕ್ಕಿಬೀಳುವುದರಿಂದ ಅದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ತೋಟದ ದೀಪಗಳ ಕಥೆ ಬೇರೆ. ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟಿನಲ್ಲಿ ಉರಿಯುವ ಇವುಗಳಿಂದ ಆಘಾತದ ಭಯ ಕಡಿಮೆ. ಆದರೆ ಮಣ್ಣೇ ಹೆಪ್ಪುಗಟ್ಟಿ ಉಬ್ಬುವುದರಿಂದ ದೀಪದ ಕಂಬಗಳು ವಾಲುತ್ತವೆ. ಹಿಮದಡಿ ಮರೆಯಾದ ದೀಪಗಳು ಸಲಿಕೆಯ ಏಟಿಗೆ ಒಡೆಯುತ್ತವೆ. ಮೊದಲ ಹಿಮಕ್ಕೆ ಮುನ್ನವೇ ಪಕ್ಕದಲ್ಲಿ ಎತ್ತರದ ಗುರುತುಕೋಲು ನೆಡುವುದು ಒಳ್ಳೆಯದು. ಸೌರದೀಪಗಳ ಫಲಕ ಹಿಮದಿಂದ ಮುಚ್ಚಿಹೋಗುವುದರಿಂದ ಚಳಿಗಾಲಕ್ಕೆ ಅವನ್ನು ಒಳಗಿಡುವುದೇ ಲೇಸು. ಎಲ್‌ಇಡಿಯ ಶಾಖಕ್ಕೆ ಗಾಜಿನ ಮೇಲಿನ ಹಿಮ ಕರಗದು. ಮೆತ್ತನೆಯ ಬ್ರಷ್ಷಿನಿಂದ ಸರಿಸಬೇಕೇ ಹೊರತು ಬಿಸಿನೀರು ಸುರಿಯಬಾರದು, ಗಾಜು ಸೀಳುತ್ತದೆ.

ಒರೆಸುವುದು, ಬಲ್ಬು ಬದಲಿಸುವುದು ನಮ್ಮ ಕೈಯಳತೆಯ ಕೆಲಸ. ಹೊಸದಾಗಿ ತಂತಿ ಎಳೆಯುವ ಕೆಲಸವನ್ನು ಒಂಟಾರಿಯೊದಲ್ಲಿ ವಿದ್ಯುತ್ ಸುರಕ್ಷತಾ ಪ್ರಾಧಿಕಾರಕ್ಕೆ ತಿಳಿಸಬೇಕಾಗುತ್ತದೆ; ಕೂಲಿ ಕೊಟ್ಟು ಮಾಡಿಸುವುದಾದರೆ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಕಂಬ ನೆಡಲು ನೆಲ ಅಗೆಯುವ ಮುನ್ನ "ಒಂಟಾರಿಯೊ ಒನ್ ಕಾಲ್" ಸೇವೆಗೆ ತಿಳಿಸಿದರೆ, ನೆಲದೊಳಗಿನ ಅನಿಲ ಕೊಳವೆ, ವಿದ್ಯುತ್ ತಂತಿಗಳ ಜಾಗವನ್ನು ಉಚಿತವಾಗಿ ಗುರುತು ಮಾಡಿಸಿಕೊಡುತ್ತಾರೆ. ಬಾಡಿಗೆ ಮನೆಯಲ್ಲಿ ಇರುವವರು ತಾವೇ ತಿರುಪು ಬಿಚ್ಚದೆ, ಕೆಟ್ಟ ದೀಪದ ಚಿತ್ರದೊಡನೆ ಮನೆಯೊಡೆಯರಿಗೆ ಬರೆದು ತಿಳಿಸುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೆ, ಮೊದಲ ಜೋರುಮಳೆಯ ಮರುದಿನ ಬೆಳಿಗ್ಗೆ ಹೊರಬಂದು ದೀಪದ ಗಾಜನ್ನೊಮ್ಮೆ ನೋಡಿ. ಒಳಗೆ ತೆಳುವಾದ ಮಬ್ಬು ಕಟ್ಟಿದ್ದು, ದೀಪ ಉರಿಸಿದ ಸ್ವಲ್ಪ ಹೊತ್ತಿನಲ್ಲಿ ಅದು ಮಾಯವಾದರೆ ಅಂಜಬೇಕಾಗಿಲ್ಲ. ತಳದಲ್ಲಿ ನೀರು ನಿಂತಿದ್ದರೆ ಮಾತ್ರ ಬ್ರೇಕರ್ ಆರಿಸಿ, ಅಂದೇ ಎಲೆಕ್ಟ್ರಿಷಿಯನ್ನರಿಗೆ ಕರೆ ಮಾಡಿ. ಅದು ಗಡ್ಡೆಯಾಗುವ ಮೊದಲು ನಿಮಗಿರುವ ಕಾಲಾವಕಾಶ ಕೆಲವೇ ವಾರಗಳು.