ಪರಸಂಸ್ಥಾನದ ಪ್ರತಿವಾದಿಯೂ ನ್ಯಾಯಾಲಯದ ಅಧಿಕಾರವೂ

ತನ್ನ ಎಲ್ಲೆಯ ಹೊರಗಿರುವ ವ್ಯಕ್ತಿಯನ್ನು ಒಂದು ನ್ಯಾಯಾಲಯವು ಯಾವ ಬಲದಿಂದ ತನ್ನೆದುರಿಗೆ ಕರೆಯಬಹುದು? ಭಾರತದಲ್ಲಿ ಈ ಪ್ರಶ್ನೆ ಅಷ್ಟು ತೊಡಕಿನದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇರೆಗೆ, ವ್ಯಾಜ್ಯಕಾರಣವು ಧಾರವಾಡದಲ್ಲಿ ಹುಟ್ಟಿದ್ದರೆ ಮುಂಬಯಿಯ ನಿವಾಸಿಯ ಮೇಲೂ ಧಾರವಾಡದಲ್ಲಿಯೇ ದಾವೆ ಹೂಡಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ ಪ್ರತಿಯೊಂದು ಸಂಸ್ಥಾನಕ್ಕೂ ತನ್ನವೇ ಆದ ಶಾಸನಗಳೂ ನ್ಯಾಯಾಲಯಗಳೂ ಉಂಟು. ಆದುದರಿಂದ ಒಂದರ ಅಧಿಕಾರ ಇನ್ನೊಂದರೊಳಕ್ಕೆ ಎಷ್ಟು ದೂರ ಚಾಚಬಹುದೆಂಬುದು ಅಲ್ಲಿ ಬಹುಕಾಲದ ಚರ್ಚೆಯ ವಿಷಯವಾಗಿದೆ.

ಈ ಚರ್ಚೆಗೆ ತಳಹದಿ ಪೆನಾಯರ್–ನೆಫ್ ವ್ಯಾಜ್ಯ. ಮಿಚೆಲ್ ಎಂಬ ವಕೀಲನು ಮುನ್ನೂರು ಡಾಲರಿಗೂ ಕಡಿಮೆಯ ಶುಲ್ಕದ ಬಾಕಿಗಾಗಿ ನೆಫ್ ಎಂಬಾತನ ಮೇಲೆ ಆರೆಗನ್ ಸಂಸ್ಥಾನದಲ್ಲಿ ದಾವೆ ಹೂಡಿದನು. ನೆಫ್ ಆಗ ಅಲ್ಲಿನ ನಿವಾಸಿಯಾಗಿರಲಿಲ್ಲ. ಸಮನ್ಸು ಅವನ ಕೈಸೇರಲಿಲ್ಲ, ವಾರಪತ್ರಿಕೆಯೊಂದರಲ್ಲಿ ಪ್ರಕಟವಾಯಿತಷ್ಟೆ. 1866ರಲ್ಲಿ ಏಕಪಕ್ಷೀಯ ಡಿಕ್ರಿಯಾಗಿ, ಆರೆಗನ್ನಿನಲ್ಲಿದ್ದ ಅವನ ಜಮೀನು ಹರಾಜಾಯಿತು. ಅದು ಪೆನಾಯರ್ ಎಂಬವನ ವಶಕ್ಕೆ ಹೋಯಿತು. ಜಮೀನನ್ನು ಮರಳಿ ಪಡೆಯಲು ನೆಫ್ ಹೂಡಿದ ದಾವೆಯಲ್ಲಿ, ಹಿಂದಿನ ಡಿಕ್ರಿಯೇ ಶೂನ್ಯವೆಂದು 1878ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪ್ರತಿವಾದಿಗೆ ಸಂಸ್ಥಾನದೊಳಗೇ ಸಮನ್ಸು ಜಾರಿಯಾಗಬೇಕು, ಇಲ್ಲವೆ ಅವನು ತಾನಾಗಿ ಹಾಜರಾಗಬೇಕು, ಇಲ್ಲವೆ ಅಲ್ಲಿರುವ ಅವನ ಸ್ವತ್ತನ್ನು ದಾವೆಯ ಆರಂಭದಲ್ಲಿಯೇ ಜಪ್ತಿ ಮಾಡಿರಬೇಕು ಎಂಬುದು ನ್ಯಾಯಮೂರ್ತಿ ಫೀಲ್ಡ್ ಅವರ ನಿರ್ಣಯದ ಸಾರ.

ದೂರದಲ್ಲಿದ್ದವನ ಆಸ್ತಿಗೆ ಈ ನಿಯಮ ಬೇಲಿಯಾಯಿತು. ಆದರೆ ಹಾನಿ ಮಾಡಿ ಗಡಿ ದಾಟಿದವನಿಗೂ ಅದೇ ಆಶ್ರಯವಾಯಿತು. ಮೋಟಾರು ವಾಹನಗಳು ಹೆಚ್ಚಿದಂತೆ ಈ ಕೊರತೆ ಎದ್ದುಕಂಡಿತು. ಪರಸ್ಥಳದವನು ತನ್ನ ರಸ್ತೆಯಲ್ಲಿ ವಾಹನ ನಡೆಸಿದರೆ, ಅಪಘಾತದ ದಾವೆಯಲ್ಲಿ ಸಮನ್ಸು ಸ್ವೀಕರಿಸಲು ಅಲ್ಲಿನ ಸರ್ಕಾರಿ ಅಧಿಕಾರಿಯೊಬ್ಬನನ್ನು ನೇಮಿಸಿದಂತೆಯೇ ಎಂದು ಮ್ಯಾಸಚೂಸೆಟ್ಸ್ ಶಾಸನ ಮಾಡಿತು. 1927ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇಂತಹ ಕಲ್ಪಿತ ಸಮ್ಮತಿಯ ಆವಶ್ಯಕತೆಯನ್ನೇ 1945ರ ಇಂಟರ್‌ನ್ಯಾಷನಲ್ ಷೂ ಕಂಪನಿಯ ವ್ಯಾಜ್ಯವು ತೊಡೆದುಹಾಕಿತು. ಮಿಸೌರಿಯಲ್ಲಿ ಮುಖ್ಯ ಕಚೇರಿಯಿದ್ದ ಆ ಕಂಪನಿಗೆ ವಾಷಿಂಗ್ಟನ್ ಸಂಸ್ಥಾನದಲ್ಲಿ ಕಚೇರಿಯಿರಲಿಲ್ಲ. 11ರಿಂದ 13 ಮಾರಾಟಗಾರರಿದ್ದರು. ಮಾದರಿಗೆಂದು ಅವರ ಕೈಯಲ್ಲಿರುತ್ತಿದ್ದುದು ಪ್ರತಿ ಜೋಡಿಯ ಒಂದೇ ಬೂಟು. ನಿರುದ್ಯೋಗ ನಿಧಿಯ ವಂತಿಗೆಯನ್ನು ಸಂಸ್ಥಾನ ಕೇಳಿದಾಗ, ತಾನು ಅಲ್ಲಿಲ್ಲವೆಂದು ಕಂಪನಿ ವಾದಿಸಿತು. ಮುಖ್ಯ ನ್ಯಾಯಮೂರ್ತಿ ಸ್ಟೋನ್ ಅವರು ಒಪ್ಪಲಿಲ್ಲ. ಸಂಸ್ಥಾನದೊಡನೆ ಪ್ರತಿವಾದಿಗೆ ಕನಿಷ್ಠ ಸಂಪರ್ಕವಿದ್ದು, ಅಲ್ಲಿ ವಿಚಾರಣೆ ನಡೆಸುವುದು ನ್ಯಾಯಬುದ್ಧಿಗೆ ವಿರುದ್ಧವಾಗದಿದ್ದರೆ ಸಾಕೆಂದರು.

ಆ ಸಂಪರ್ಕವು ಪ್ರತಿವಾದಿಯೇ ಬೆಳೆಸಿದ್ದಾಗಿರಬೇಕು. ನ್ಯೂಯಾರ್ಕಿನಲ್ಲಿ ಕೊಂಡ ಕಾರು ಓಕ್ಲಹೋಮದಲ್ಲಿ ಅಪಘಾತಕ್ಕೀಡಾದಾಗ, ಮಾರಿದ ವ್ಯಾಪಾರಿಯನ್ನು ಓಕ್ಲಹೋಮಕ್ಕೆ ಎಳೆಯಲಾಗದೆಂದು 1980ರಲ್ಲಿ ತೀರ್ಪಾಯಿತು. ಕಾರನ್ನು ಅಲ್ಲಿಗೆ ಒಯ್ದವರು ಗಿರಾಕಿಗಳು, ವ್ಯಾಪಾರಿಯಲ್ಲ. 2021ರಲ್ಲಿಯಾದರೋ ಫೋರ್ಡ್ ಕಂಪನಿಯ ಆಕ್ಷೇಪಣೆ ನಿಲ್ಲಲಿಲ್ಲ. ಮೊಂಟಾನದಲ್ಲಿ ಅಪಘಾತಕ್ಕೀಡಾದ ಕಾರು ಮೊದಲು ಬೇರೆಡೆ ಮಾರಾಟವಾಗಿದ್ದರೂ, ಅದೇ ಬಗೆಯ ಕಾರುಗಳ ವ್ಯಾಪಾರವನ್ನು ಕಂಪನಿ ಮೊಂಟಾನದಲ್ಲಿ ತಾನೇ ಬೆಳೆಸಿದ್ದಿತು.

ಹಳೆಯ ನಿಯಮ ಪೂರ್ತಿ ಅಳಿದಿಲ್ಲ; ಸಂಸ್ಥಾನದೊಳಗಿರುವ ವ್ಯಕ್ತಿಗೆ ಅಲ್ಲಿಯೇ ಸಮನ್ಸು ಜಾರಿಯಾದರೆ ಸಾಕೆಂದು 1990ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿತು. ಹಾಜರಿಲ್ಲದವನ ವಿಷಯದಲ್ಲಿ ಮಾತ್ರ ಅಳತೆಗೋಲು ಬದಲಾಗಿದೆ: ಅವನು ಎಲ್ಲಿದ್ದಾನೆಂಬುದಕ್ಕಿಂತ ಅಲ್ಲಿ ಏನು ಮಾಡಿದನೆಂಬುದೇ ಮುಖ್ಯ. ತಿಳಿಯದೆಯೇ ಜಮೀನು ಕಳೆದುಕೊಂಡ ನೆಫ್ ಒಂದು ಕಡೆ, ನೊಂದ ಊರಿನಲ್ಲಿಯೇ ನ್ಯಾಯ ಬೇಡುವ ಗಾಯಾಳು ಇನ್ನೊಂದು ಕಡೆ. ಇವರಿಬ್ಬರಿಗೂ ಅನ್ಯಾಯವಾಗದಂತೆ ಗೆರೆಯೆಳೆಯುವುದೇ ಈ ವಿಚಾರದ ತಿರುಳು.