ಇಲ್ಲದ ಹದಿನೈದು ಹಕ್ಕಿಗಳು

ದೀಪಾವಳಿ ರಜೆಗೆ ಕೊಕ್ಕರೆ ಬೆಳ್ಳೂರಿನ ಅಜ್ಜಿ ಮನೆಗೆ ಹೋದರೆ ನಾನು ಮೊದಲು ನೋಡುವುದು ಆಕಾಶವನ್ನು. ಮದ್ದೂರು ತಾಲ್ಲೂಕಿನ ಈ ಊರಿಗೆ ಹೆಜ್ಜಾರ್ಲೆಗಳು ಬರತೊಡಗುವ ಕಾಲವದು. ‘ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವ’ ಎನ್ನುತ್ತಾಳೆ ಅಜ್ಜಿ. ಹಿತ್ತಲಿನ ಹುಣಸೆ ಮರದಲ್ಲಿ ಅವು ಗೂಡು ಕಟ್ಟಿದರೆ ಆ ವರ್ಷ ಹಣ್ಣು ಬಡಿಯುವಂತಿಲ್ಲ.

ಕಳೆದ ವರ್ಷ ಗೆಳತಿಯ ಜೊತೆ ಶಿಂಷಾ ನದಿ ದಂಡೆಗೆ ಹಕ್ಕಿ ಎಣಿಸಲು ಹೋದೆ. ನೀರಂಚಿನಲ್ಲಿ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬಂದ ಅತಿಥಿ. ಹೆಜ್ಜಾರ್ಲೆ ಅಷ್ಟು ದೂರದ್ದಲ್ಲ. ನಮ್ಮ ಕಡೆಯ ಕೆರೆ, ನದಿಗಳಲ್ಲಿ ಮೀನು ಹುಡುಕಿಕೊಂಡು ಅಲೆದು, ಮರಿ ಮಾಡಲು ಊರೊಳಗಿನ ಮರಕ್ಕೆ ಬರುತ್ತದೆ.

ಎಣಿಸುವುದು ಸುಲಭ ಅಂದುಕೊಂಡಿದ್ದೆ. ಗೆಳತಿ ಹೇಳಿಕೊಟ್ಟಳು: ಮೊದಲು ಹತ್ತು ಹಕ್ಕಿ ಎಣಿಸು, ಅವು ಎಷ್ಟು ಜಾಗ ಹಿಡಿದಿವೆ ನೋಡು, ಆಮೇಲೆ ಗುಂಪಿನಲ್ಲಿ ಅಂಥ ಹತ್ತುಗಳು ಎಷ್ಟಿವೆ ಅಂತ ಲೆಕ್ಕ ಹಾಕು. ಹಾರಿಹೋದ ಗುಂಪಿನ ಸಮಯ, ದಿಕ್ಕನ್ನೂ ಬರೆದುಕೋ. ನಾನು ದಿಕ್ಕು ಬರೆದಿರಲಿಲ್ಲ. ಕೊನೆಗೆ ನನ್ನ ಲೆಕ್ಕ 52, ಅವಳದು 37. ಹದಿನೈದರ ಒಂದು ಗುಂಪು ಸುತ್ತು ಹಾಕಿ ವಾಪಸ್ ಬಂದಾಗ ನಾನು ಮತ್ತೆ ಎಣಿಸಿದ್ದೆ.

ಆದರೂ 37 ಬರೆಯಲು ಮನಸ್ಸು ಬರಲಿಲ್ಲ. ಅಜ್ಜಿಯ ಕಾಲದಲ್ಲಿ ಮರ ಬೆಳ್ಳಗಾಗುತ್ತಿತ್ತಂತೆ. ನಮ್ಮೂರಿನ ಲೆಕ್ಕ ಇಷ್ಟು ಕಡಿಮೆಯಾ? ‘52 ಅಂತಲೇ ಬರೆಯೋಣ’ ಅಂದೆ. ಗೆಳತಿ ನಗಲಿಲ್ಲ. ‘ಇಲ್ಲದ ಹದಿನೈದನ್ನ ಬರೆದ್ರೆ, ನಾಳೆ ನಿಜವಾಗ್ಲೂ ಹದಿನೈದು ಸತ್ರೆ ಯಾರಿಗೂ ಗೊತ್ತಾಗಲ್ಲ ಕಣೇ’ ಅಂದಳು.

ನಾನು ಸುಮ್ಮನಾದೆ. 2017ರ ಕೊನೆಯಲ್ಲಿ ಜಂತುಹುಳು ಬಾಧೆಯಿಂದ ಇದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದ್ದವು. ಆಗ ಸಾವುಗಳ ಲೆಕ್ಕ ಇಟ್ಟಿದ್ದರಿಂದಲೇ ಅದು ಎಲ್ಲೋ ಒಂದು ಹಕ್ಕಿಯ ಕಥೆಯಾಗಿ ಮರೆಯಾಗಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿಗೆ ಮತ್ತೆ ಪರಿಚಯಿಸಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರವರ ‘ಹೆಜ್ಜಾರ್ಲೆ ಬಳಗ’ ನಿಂತಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇಷ್ಟು ಜನ ಜೋಪಾನ ಮಾಡಿದ್ದರ ಲೆಕ್ಕವನ್ನು ನಾನು ಸುಳ್ಳು ಮಾಡಬಾರದಿತ್ತು. 52ನ್ನು ಹೊಡೆದು 37 ಎಂದು ಬರೆದೆ.

ನಿಮ್ಮೂರಲ್ಲೂ ಒಂದು ಕೆರೆ ಇದ್ದೀತು. ಒಂದು ಭಾನುವಾರ ಬೆಳಿಗ್ಗೆ ಹೋಗಿ, ಕಂಡಷ್ಟೇ ಬರೆಯಿರಿ. ಏನೂ ಕಾಣದಿದ್ದರೆ ಸೊನ್ನೆ ಬರೆಯಿರಿ, ಅದೂ ಲೆಕ್ಕವೇ.

ಮನೆಗೆ ಬಂದಾಗ ಅಜ್ಜಿ ಕೇಳಿದಳು: ‘ಎಷ್ಟು ಬಂದವ್ವೆ ಮಗ?’

‘ಮೂವತ್ತೇಳು ಅಜ್ಜಿ.’

‘ಸರಿ ಬುಡು, ಇನ್ನೂ ಬರೋವು ಅವೆ’ ಎಂದು ಹುಣಸೆ ಮರದ ಕಡೆ ನೋಡಿದಳು.